ಸತ್ತ ಮೇಲೊಂದು ನಗು

ಮೊನ್ನೆ ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ, ವೇದಿಕೆಯ ಹಿಂದೆ, ಮೇಷ್ಟ್ರೊಬ್ಬರು ಪುಟ್ಟ ಹುಡುಗನಿಗೆ ಮೀಸೆ ಅಂಟಿಸುತ್ತಿದ್ದರು. ಶೀಶೆಯ ಮುಚ್ಚಳ ತೆಗೆದದ್ದೇ ತಡ, ಆ ಗೋಂದಿನ ವಾಸನೆ ಬಂತು. ಸ್ವಲ್ಪ ಸಾಂಬ್ರಾಣಿ, ಸ್ವಲ್ಪ ಆಸ್ಪತ್ರೆಯ ಸ್ಪಿರಿಟ್ಟು. ನಾನು ನಿಂತಲ್ಲೇ ಹಲಸೂರಿನ ನಮ್ಮ ವಠಾರಕ್ಕೆ ಹೋಗಿಬಿಟ್ಟೆ. ಅಪ್ಪ ಶೂಟಿಂಗ್ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತಿದ್ದಾನೆ, ಮೇಲ್ದುಟಿಯ ಮೇಲೆ ಗೋಂದು ಹೆಪ್ಪುಗಟ್ಟಿದೆ, ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ಅದನ್ನು ಮೆಲ್ಲಗೆ ಉಜ್ಜಿ ತೆಗೆಯುತ್ತಿದ್ದಾಳೆ. ಆ ಎರಡು ವಾಸನೆ ಕೂಡಿದರೆ ನನಗೆ ಅಪ್ಪ. ಆ ಮೆಟ್ಟಿಲು ಈಗಿಲ್ಲ, ವಠಾರವೂ ಇಲ್ಲ. ಅಲ್ಲೊಂದು ಟೈಲ್ಸ್ ಅಂಗಡಿ ಬಂದು ಎಷ್ಟೋ ಕಾಲವಾಯಿತು.

ಅಪ್ಪ ಸಿನಿಮಾದಲ್ಲಿ ಖಳ. ರಾಯಚೂರಿನ ಕಡೆ ಇವನಿದ್ದ ನಾಟಕ ಕಂಪನಿ ಮುಚ್ಚಿದ ಮೇಲೆ ಅವ್ವನನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದವನು. ಆ ಎತ್ತರ, ಆ ಕೆಂಪು ಕಣ್ಣು ನೋಡಿ ಯಾರೂ ಅವನಿಗೆ ಒಳ್ಳೆಯವನ ಪಾತ್ರ ಕೊಡಲಿಲ್ಲ. ರೌಡಿಯಾದ, ಲಂಚಕೋರ ಇನ್ಸ್‌ಪೆಕ್ಟರಾದ, ಸಾಹುಕಾರನ ಬಂಟನಾದ. ಏನೇ ಆದರೂ ಕೊನೆಗೆ ನಾಯಕನ ಕೈಯಲ್ಲಿ ಸತ್ತ. ಅವನು ಮಾರ್ಕೆಟ್ಟಿಗೆ ಬಂದರೆ ಹೆಂಗಸರು ತಾಳಿಸರವನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಸೆಲ್ವಿಯಕ್ಕ ಮಗನಿಗೆ ಅನ್ನ ತಿನ್ನಿಸುವಾಗ ನಮ್ಮ ಬಾಗಿಲು ತೋರಿಸಿ, "ಬೇಗ ತಿನ್ನು ಕಣ್ಣಾ, ಇಲ್ಲಾಂದ್ರೆ ಆ ಅಂಕಲ್ ಬಂದ್ಬಿಡ್ತಾರೆ" ಅನ್ನುತ್ತಿದ್ದಳು. ಆ ಅಂಕಲ್ಲೋ, ಕೆರೆ ರಸ್ತೆಯ ನಾಯಿಗಳಿಗೆ ಹೆದರಿ ಮಗಳನ್ನು ಮುಂದೆ ಬಿಟ್ಟುಕೊಂಡು ನಡೆಯುವ ಆಸಾಮಿ.

ಸಿನಿಮಾದವರಲ್ಲಿ ಒಂದು ಪದ್ಧತಿಯಿತ್ತು. ಸಾವಿನ ದೃಶ್ಯ ತೆಗೆದ ಮೇಲೆ, ಸತ್ತ ನಟ ಬಿದ್ದಲ್ಲಿಂದಲೇ ಎದ್ದು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಅಲ್ಲಿಯವರೆಗೆ ಕ್ಯಾಮೆರಾ ನಿಲ್ಲಿಸುವಂತಿಲ್ಲ. ಆ ನಗು ತೆರೆಯ ಮೇಲೆ ಬರುವುದಿಲ್ಲ, ಎಡಿಟಿಂಗ್ ಕೋಣೆಯಲ್ಲಿ ಕತ್ತರಿಸಿ ಬಿಸಾಡುತ್ತಾರೆ. ಆದರೆ ನಗದೆ ಎದ್ದು ಬಂದರೆ ಆ ಸಾವು ಮೈಗಂಟಿಕೊಂಡೇ ಮನೆಗೆ ಬರುತ್ತದೆ ಅನ್ನುವುದು ಅವರ ನಂಬಿಕೆ. ಅವರೆಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದವಳು ಅವ್ವ. ಅಪ್ಪ ಬಂದೊಡನೆ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಿದ್ದಳು, "ನಕ್ಕೀರೇನ್ರಿ?" "ನಕ್ಕೀನಿ, ದಾರಿ ಬಿಡು" ಅಂದ ಮೇಲೆಯೇ ಕೊಬ್ಬರಿ ಎಣ್ಣೆ, ಊಟ ಎಲ್ಲ. ಭಾನುವಾರ ಟೀವಿಯಲ್ಲಿ ಅಪ್ಪನ ಚಿತ್ರ ಬಂದರೆ ಅವನು ಸಾಯುವ ಮೊದಲೇ ಅವ್ವ ಟೀವಿ ಆರಿಸುತ್ತಿದ್ದಳು. ಕೂತು ನೋಡುತ್ತಿದ್ದ ವಠಾರದವರೆಲ್ಲ ಗೊಣಗಿಕೊಂಡು ಏಳುತ್ತಿದ್ದರು.

ನಾನು ಏಳನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಅಪ್ಪ ಆ ಪ್ರಶ್ನೆಗೆ ಉತ್ತರ ಕೊಡದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಕೆ.ಆರ್. ಪುರದ ಆಚೆ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯಲ್ಲಿ ಶೂಟಿಂಗ್. ಸಾಮಾನ್ಯವಾಗಿ ಖಳನಿಗೆ ಚಟ್ಟದ ಭಾಗ್ಯವಿಲ್ಲ, ಎಲ್ಲೋ ಬಿದ್ದು ಸತ್ತರೆ ಮುಗಿಯಿತು. ಈ ಚಿತ್ರದಲ್ಲಿ ಮಾತ್ರ ಅವನನ್ನು ಚಟ್ಟದ ಮೇಲೆ ಮಲಗಿಸಿ, ಹೂವು ಹಾಕಿ, ಹೊತ್ತು ಸಾಗಿಸಿದ್ದರು.

"ಬೆಳಕ ಹೋತು" ಅಂದ ಅಪ್ಪ, ಗೋಂದು ಕೆರೆಯುತ್ತಾ. "ಕ್ಯಾಮೆರಾ ಕಟ್ಟಿಟ್ರು. ನಾ ಏನ್ ಮಾಡ್ಲಿ?"

"ಚಟ್ಟದ ಮ್ಯಾಲಿಂದ ಹಂಗ ಎದ್ದು ಬಂದ್ರಿ?"

ಅವ್ವನ ದನಿ ಏರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಮರುದಿನ ಅದೇ ಚಿತ್ರಕ್ಕೆ ಅಪ್ಪ ಆ ಕಾರ್ಖಾನೆಯ ಹಿಂದಿದ್ದ ಕಲ್ಲುಕ್ವಾರಿಯ ಅಂಚಿನಲ್ಲಿ ಜೀಪು ಓಡಿಸಬೇಕಿತ್ತು. ಸಿನಿಮಾದಲ್ಲಿ ಮೊದಲು ಸಾಯಿಸಿ ಆಮೇಲೆ ಹೊಡೆದಾಡಿಸುವುದು ಮಾಮೂಲಿ. ಹೋಗದಿದ್ದರೆ ಆ ಚಿತ್ರ ಮಾತ್ರವಲ್ಲ, ಮುಂದಿನದೂ ಕೈತಪ್ಪುತ್ತಿತ್ತು. ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟುವಷ್ಟರಲ್ಲಿ ಅವ್ವ ಒಂದು ಬೂದುಗುಂಬಳ ಎತ್ತಿಕೊಂಡು, ನನ್ನ ಕೈ ಹಿಡಿದು ಹೊರಗೆ ನಿಂತಿದ್ದಳು. "ಮೊದಲ ನಗ್ರಿ. ಆಮ್ಯಾಲ ಜೀಪಿನ್ಯಾಗ ಕೂಡ್ರಿ."

ಬಸ್ಸಿನಲ್ಲಿ ಅಪ್ಪನನ್ನು ಕಂಡು ಇಡೀ ಬಸ್ಸು ಮಾತು ನಿಲ್ಲಿಸಿತು. ಯಾರೋ ಎದ್ದು ಸೀಟೂ ಬಿಟ್ಟರು. ಅವ್ವ ಕೂತಳು, ತೊಡೆಯ ಮೇಲೆ ಕುಂಬಳ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡಲಿಲ್ಲ.

ಕಾರ್ಖಾನೆಯಲ್ಲಿ ಚಟ್ಟವನ್ನು ಆಗಲೇ ಬಿಚ್ಚಿ, ಅದರ ಬಿದಿರಿಗೆ ಊಟದ ಶಾಮಿಯಾನ ಕಟ್ಟಿದ್ದರು. ಮ್ಯಾನೇಜರ್ ಅವ್ವನ ಮಾತು ಕೇಳಿ ನಕ್ಕುಬಿಟ್ಟ. ಆಮೇಲೆ ರೇಗಿದ. "ಏನಮ್ಮಾ, ನೆಗೆಟಿವ್ ರೀಲ್ ಏನ್ ಪುಕ್ಕಟೆ ಬರತ್ತಾ? ಸಾರ್, ಇವ್ರನ್ನ ಕರ್ಕೊಂಡು ಹೋಗಿ. ಇಲ್ಲಾ ಹೇಳಿ, ಬೇರೆ ಆರ್ಟಿಸ್ಟ್ ಕರೆಸ್ತೀನಿ." ಲೈಟಿನವರು, ಮೇಕಪ್ಪಿನವರು, ನಾಯಕನಿಗೆ ಕೊಡೆ ಹಿಡಿದವನು, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಅಪ್ಪ ಅವ್ವನನ್ನು ಗದರಿಸುತ್ತಾನೆ ಅಂದುಕೊಂಡೆ, ತೆರೆಯ ಮೇಲೆ ಅಷ್ಟು ಹೆಂಗಸರನ್ನು ಗದರಿಸಿದವನು ತಾನೆ. ಅವನು ಚಪ್ಪಲಿ ಕಳಚಿಟ್ಟ. ನಡೆದುಹೋಗಿ, ಹಿಂದಿನ ದಿನ ಚಟ್ಟ ಇಟ್ಟಿದ್ದ ಕಡೆ, ಆ ಕೆಂಪು ಹೆಂಚಿನ ಪುಡಿಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ.

ಎಷ್ಟು ಹೊತ್ತೋ. ಎದೆ ಏರಿಳಿಯುವುದೂ ಕಾಣದಂತೆ ಸಾಯುವುದು ಅವನ ಕಸುಬು. ಅವ್ವನ ಉಗುರು ನನ್ನ ಅಂಗೈಗೆ ಇಳಿದಿತ್ತು. ಕೊನೆಗೆ ವಯಸ್ಸಾದ ಕ್ಯಾಮೆರಾಮನ್ ಬೀಡಿ ಎಸೆದು ಕ್ಯಾಮೆರಾ ಹಿಂದೆ ನಿಂತು, "ಸರಿಮ್ಮಾ, ನಾನ್ ತೆಗೀತೀನಿ. ಏಳಿ ಸಾರ್" ಅಂದ. ಅಪ್ಪ ಎದ್ದ. ನಕ್ಕ. ಮೀಸೆಯಿಲ್ಲದ, ಬೆನ್ನೆಲ್ಲ ಧೂಳಾದ ಅಪ್ಪ ಹುಡುಗನ ಹಾಗೆ ನಕ್ಕ. ಅವ್ವ ಕುಂಬಳ ಒಡೆದು, ಹಿಂತಿರುಗಿ ನೋಡದೆ ನನ್ನನ್ನು ಎಳೆದುಕೊಂಡು ಹೊರಟಳು.

ನಾನು ಮಾತ್ರ ಒಂದನ್ನು ಗಮನಿಸಿದ್ದೆ. ಕ್ಯಾಮೆರಾ ಓಡುವಾಗ ಗರ್ ಅನ್ನುತ್ತದೆ, ಬೇರೆ ಶೂಟಿಂಗುಗಳಲ್ಲಿ ಕೇಳಿದ್ದೆ. ಅವತ್ತು ಅದು ಸದ್ದು ಮಾಡಲಿಲ್ಲ. ಆ ಮಧ್ಯಾಹ್ನ ನಾನು ಪಟ್ಟ ಸಂಕಟ ಈಗಲೂ ನೆನಪಿದೆ. ವಠಾರದ ಗೇಟಿನ ಬಳಿ ಆಟೋ ನಿಂತರೆ ಓಡಿಹೋಗಿ ನೋಡುತ್ತಿದ್ದೆ. ಅವ್ವನಿಗೆ ಹೇಳಿದರೆ ಅವಳು ಕುಸಿಯುತ್ತಾಳೆ, ಹೇಳದಿದ್ದರೆ ಜೀಪು. ಬಾಯಿ ಬಿಡಲಿಲ್ಲ. ಸಂಜೆ ಅಪ್ಪ ಗೋಂದಿನ ಮೂತಿ ಹೊತ್ತು ಮೆಟ್ಟಿಲು ಹತ್ತಿ ಬಂದಾಗ ನಾನು ಹೋಗಿ ಅವನ ಕಾಲು ತಬ್ಬಿಕೊಂಡೆ. ಅವ್ವ ಅವತ್ತು ಏನೂ ಕೇಳಲಿಲ್ಲ, ಎಣ್ಣೆ ತಂದಳು.

ಅಪ್ಪ ಆಮೇಲೂ ಎಷ್ಟೋ ಚಿತ್ರಗಳಲ್ಲಿ ಸತ್ತ. ಹೊಸ ಶತಮಾನ ಬಂತು, ಖಳರು ಬೇರೆ ಊರುಗಳಿಂದ ಜಿಮ್ ಮೈ ಹೊತ್ತು ಬಂದರು. ಇವನಿಗೆ ಧಾರಾವಾಹಿಗಳಲ್ಲಿ ಕೆಟ್ಟ ಮಾವನ ಪಾತ್ರ ಉಳಿಯಿತು. ಕೊನೆಗೆ ಜ್ವರ ಹೆಚ್ಚಾಗಿ ಹಾಸಿಗೆಯಲ್ಲೇ ಹೋದ. ಅಂಗಳದಲ್ಲಿ ಅವನನ್ನು ನಿಜವಾದ ಚಟ್ಟದ ಮೇಲೆ ಮಲಗಿಸಿದಾಗ ಎಲ್ಲರೂ ಅತ್ತರು, ಸೆಲ್ವಿಯಕ್ಕ ಎದೆ ಬಡಿದುಕೊಂಡಳು. ಅವ್ವ ಮಾತ್ರ ಅವನ ಮುಖ ನೋಡುತ್ತಾ ಕೂತೇ ಇದ್ದಳು. ಎತ್ತುವವರು ಬಂದಾಗ, "ಇನ್ನ ಸ್ವಲ್ಪ ತಡೀರಿ" ಅಂದಳು. ಏನಕ್ಕೆ ಕಾಯುತ್ತಿದ್ದಾಳೆಂದು ನನಗೊಬ್ಬಳಿಗೇ ಗೊತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮುಂದಿನ ವರ್ಷ ಒಂದು ಭಾನುವಾರ ಟೀವಿಯಲ್ಲಿ ಅದೇ ಹೆಂಚಿನ ಕಾರ್ಖಾನೆಯ ಚಿತ್ರ ಬಂತು. ಅಪ್ಪ ಸಾಯುವ ಹೊತ್ತಿಗೆ ನಾನು ಆರಿಸಲು ಎದ್ದರೆ ಅವ್ವ ತಡೆದಳು. ಚಟ್ಟ ಬಂತು, ಹೂವು ಬಂತು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ಅವತ್ತು ಆ ಕ್ಯಾಮೆರಾ ಓಡ್ಲೇ ಇಲ್ಲ. ಅವ್ರು ಸುಮ್ನೆ ತೆಗೆದ ಹಾಗೆ ಮಾಡಿದ್ರು."

"ಗೊತ್ತದ" ಅಂದಳು ಅವ್ವ, ಟೀವಿಯಿಂದ ಕಣ್ಣು ತೆಗೆಯದೆ. "ಗರ್ ಅನ್ನಲೇ ಇಲ್ಲ ಅದು."

"ಮತ್ತೆ ಯಾಕೆ ಸುಮ್ನೆ ಬಂದೆ?"

"ನಿಮ್ಮಪ್ಪ ಕ್ಯಾಮೆರಾ ಕಡೆ ಎಲ್ಲಿ ನೋಡಿದ್ರು? ನನ್ನ ನೋಡಿ ನಕ್ರು."

ತೆರೆಯ ಮೇಲೆ ಚಟ್ಟ ಮರೆಯಾಗಿ ಸೋಪಿನ ಜಾಹೀರಾತು ಶುರುವಾಯಿತು. ಅವ್ವ ಇನ್ನೂ ನೋಡುತ್ತಲೇ ಇದ್ದಳು.