ಉಗರಗೋಳದ ಇಳಿಜಾರು ಮತ್ತು ನನ್ನ ಸೈಕಲ್ಲಿನ ಬ್ರೇಕು

ನಾನು ಸವದತ್ತಿಯಲ್ಲಿ ನರ್ಸಾಗಿ ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಸಂಪಗಾಂವದಿಂದ ಬಂದು ನನ್ನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಊರ ಹೊರಗಿನ ಗುಡ್ಡದ ಮೇಲಿನ ಮನೆಗಳೂ ಅದರ ಕೆಳಗಿನ ಉಗರಗೋಳವೂ ನನ್ನ ಪಾಲಿಗೆ ಬಂದಿದ್ದವು. ಬಸ್ಸನ್ನು ನಂಬಿಕೊಂಡು ಹೆರಿಗೆ ಮಾಡಿಸಲು ಆಗುವುದಿಲ್ಲ ಎಂದು ಒಂದೇ ತಿಂಗಳಲ್ಲಿ ತಿಳಿಯಿತು. ನಿವೃತ್ತರಾಗಿ ಊರು ಬಿಡುತ್ತಿದ್ದ ಕನ್ನಡ ಸಾಲಿಯ ಅಕ್ಕೋರೊಬ್ಬರಿಂದ ಹಳೆಯ ಲೇಡೀಸ್ ಸೈಕಲ್ ಕೊಂಡೆ.

ಏರುವಾಗ ತಳ್ಳಿಕೊಂಡು ಹೋಗುತ್ತಿದ್ದೆ, ಅದೇನೂ ಕಷ್ಟವಾಗಿರಲಿಲ್ಲ. ಸಂಕಟವೆಲ್ಲ ಇಳಿಯುವಾಗ. ಹಿಡಿಕೆ ಒತ್ತಿದರೆ ಕಬ್ಬಿಣದ ಸರಳು ಎಳೆದು ರಬ್ಬರಿನ ತುಂಡುಗಳನ್ನು ರಿಮ್ಮಿಗೆ ಒತ್ತುವಂಥ ಬ್ರೇಕು ಅದು. ಒತ್ತುತ್ತಿತ್ತು, ಆದರೆ ಹಿಡಿಯುತ್ತಿರಲಿಲ್ಲ. ಸೈಕಲ್ಲು ತನ್ನ ಪಾಡಿಗೆ ತಾನು ಓಡುತ್ತಿತ್ತು. ನಾನು ಎರಡೂ ಕಾಲನ್ನು ನೆಲಕ್ಕೆ ಉಜ್ಜುತ್ತ ಇಳಿದು ಚಪ್ಪಲಿಯ ಅಟ್ಟೆ ಸವೆಸಿಕೊಂಡೆ.

ಬಸ್ ನಿಲ್ದಾಣದ ಹತ್ತಿರದ ಸೈಕಲ್ ಅಂಗಡಿಯವನಲ್ಲಿಗೆ ಮೂರು ಸಲ ಹೋದೆ. ಮೂರು ಸಲವೂ ಅವನು ಪಾನಾದಿಂದ ಒಂದು ನಟ್ಟು ಬಿಗಿದು, ಅಂಗಡಿಯ ಮುಂದೆಯೇ ಒಂದು ಸುತ್ತು ಹೊಡೆದು ತೋರಿಸಿದ.

"ಬ್ರೇಕ್ ಚಲೋ ಐತ್ರಿ ಅಕ್ಕಾರ. ನಿಮ್ಮ ಕೈಯಾಗ ಜೋರಿಲ್ಲ, ಅಷ್ಟ."

ಹೆರಿಗೆ ಮಾಡಿಸುವ ಕೈಯಲ್ಲಿ ಎಷ್ಟು ಜೋರಿರುತ್ತದೆಂದು ಅವನಿಗೆ ಹೇಳಬೇಕೆನಿಸಿತು. ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ.

ಒಂದು ಬೆಳಿಗ್ಗೆ ಉಗರಗೋಳದಲ್ಲಿ ಚೊಚ್ಚಲ ಹೆರಿಗೆಯಿದೆ ಎಂದು ಗುಡ್ಡದ ಮೇಲಿದ್ದ ನನಗೆ ಸುದ್ದಿ ಬಂತು. ಅವಸರದಲ್ಲಿ ಸೈಕಲ್ ಹತ್ತಿದೆ. ತಿರುವಿನಲ್ಲಿ ಬ್ರೇಕು ಜಾರಿತು, ಕಾಲೂ ಸಾಲಲಿಲ್ಲ. ರಸ್ತೆ ಬಿಟ್ಟು ಕಳ್ಳಿಬೇಲಿಗೆ ಹೋಗಿ ಬಿದ್ದೆ. ಕುದಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕತ್ತರಿ, ದಾರ ಎಲ್ಲ ಮಣ್ಣಾದವು. ಮುಳ್ಳು ಕಿತ್ತುಕೊಂಡು, ಸೈಕಲ್ ತಳ್ಳಿಕೊಂಡು ಆ ಮನೆ ಮುಟ್ಟುವಷ್ಟರಲ್ಲಿ ಅಲ್ಲಿಯ ಮುದುಕಿ ಹೆರಿಗೆ ಮುಗಿಸಿ ಕೂಸಿಗೆ ನೀರೆರೆಯುತ್ತಿದ್ದಳು. ತಾಯಿ ಮಗು ಚೆನ್ನಾಗಿದ್ದರು.

"ಕುಂಡ್ರಿ ಅಕ್ಕಾರ, ಚಾ ಕುಡ್ದು ಹೋಗ್ರಿ," ಎಂದಳು ಮುದುಕಿ, ಬಹಳ ಮರ್ಯಾದೆಯಿಂದ. ನೆಂಟರ ಮನೆಗೆ ಬಂದವಳ ಹಾಗೆ ಚಹಾ ಕುಡಿದು ಬಂದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಆ ವಾರವೇ ಒಂದು ಪಾನಾ ಕೊಂಡುಕೊಂಡೆ. ಭಾನುವಾರ ಅಂಗಳದಲ್ಲಿ ಗೋಣಿತಟ್ಟು ಹಾಸಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದೆ. ಸರಳಿನ ನಟ್ಟು ಬಿಗಿಯಲು ಹೋದರೆ ಪಾನಾ ಜಾರಿ ಬೆರಳ ಗಿಣ್ಣು ಸುಲಿಯಿತು. ಬಿಗಿದ ಮೇಲೆ ನೋಡಿದರೆ ಹಿಂದಿನ ಚಕ್ರವೇ ಓಲಾಡುತ್ತಿದೆ. ಅದನ್ನು ಬಿಚ್ಚಿದೆ. ನಡುವಿನ ಅಚ್ಚು ಹೊರಬಂದಿದ್ದೇ ತಡ, ಬೇರಿಂಗಿನ ಗುಂಡುಗಳು ಅಂಗಳದ ತುಂಬ ಉರುಳಿದವು. ಅವ್ವ ಮೊರ ಹಿಡಿದು ಕಾಳು ಆರಿಸುವಂತೆ ಆರಿಸಿಕೊಟ್ಟಳು. ಒಂದು ಕಡೆಗೆ ಒಂಬತ್ತು ಕೂತವು, ಇನ್ನೊಂದು ಕಡೆಗೆ ಎಂಟೇ. ಒಂಬತ್ತನೆಯದು ಬಚ್ಚಲಿನ ಮೋರಿಗೆ ಹೋಗಿತ್ತು. ಗ್ರೀಸು ಮೆತ್ತಿ ಕೂಡಿಸಿದೆ. ಬಿಗಿದರೆ ಚಕ್ರ ತಿರುಗದು, ಸಡಿಲಿಸಿದರೆ ಮತ್ತೆ ಓಲಾಟ. ನಡುವಿನ ಹದ ಸಿಗಲು ಮೂರು ಭಾನುವಾರ ಹೋದವು.

ಇಷ್ಟಾದರೂ ಬ್ರೇಕು ಹಿಡಿಯಲಿಲ್ಲ. ಮೀಟಿಂಗಿಗೆ ಬೈಲಹೊಂಗಲಕ್ಕೆ ಹೋದಾಗ ಹೊಸ ರಬ್ಬರು ತಂದೆ. ಅವು ಉದ್ದವಾಗಿದ್ದವು. ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಸವೆಸಿ ಕೂಡಿಸಿದೆ. ಮೊದಲ ಸಲ ಗುಡ್ಡ ಇಳಿಯುವಾಗ ಚೆನ್ನಾಗಿ ಹಿಡಿದವು. ಗೆದ್ದೆ ಅಂದುಕೊಂಡೆ. ಎರಡನೆಯ ಸಲಕ್ಕೆ ಮತ್ತೆ ಅದೇ ಜಾರಾಟ. ರಸ್ತೆಯ ಬದಿಗೆ ಸೈಕಲ್ಲನ್ನು ಕೆಡವಿ, ಅದರ ಮುಂದೆ ಕಲ್ಲಿನ ಮೇಲೆ ಕುಳಿತು ಅತ್ತೆ. ಯಾರೂ ಬರಲಿಲ್ಲ, ಅದೊಂದು ಪುಣ್ಯ.

ಕೆಲವು ದಿನಗಳ ನಂತರ ಗುಡ್ಡಕ್ಕೆ ಹೊರಟವಳು ರಜಿಸ್ಟರ್ ಮರೆತಿದ್ದೇನೆಂದು ಬಾಗಿಲಿನಿಂದ ಒಳಗೆ ಹೋದೆ. ತಿರುಗಿ ಬಂದಾಗ ಅವ್ವ ಸೈಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಒಂದು ಕೈಯಲ್ಲಿ ಕುಸುಬಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ಹಳೆಯ ಅರಿವೆ. ಅರಿವೆಯನ್ನು ಎಣ್ಣೆಯಲ್ಲಿ ಅದ್ದಿ, ಬ್ರೇಕಿನ ರಬ್ಬರು ಹಿಡಿಯಬೇಕಾದ ರಿಮ್ಮನ್ನೇ ಒರೆಸುತ್ತಿದ್ದಳು.

"ಏನ ಮಾಡಾಕ ಹತ್ತೀ ಯವ್ವಾ?"

"ಗಾಲಿಗಿ ಎಣ್ಣಿ ಹಚ್ಚಾಕ ಹತ್ತೇನಿ. ಬಂಡಿ ಅಚ್ಚಿಗೆ ನಿಮ್ಮಪ್ಪ ಬಿಡತಿದ್ದಿಲ್ಲೇನ? ಹಗುರ ಉರುಳತೈತಿ."

"ದಿನಾ ಹಚ್ಚತೀ?"

"ದಿನಾ ಎಲ್ಲೈತಿ. ನೀ ಗುಡ್ಡಕ್ಕ ಹೋಗೂ ದಿನ ಅಷ್ಟ. ದಣಿತೀ ಅಂತ."

ರಿಮ್ಮು ತುಕ್ಕು ಹಿಡಿಯದೆ ಹೊಳೆಯುವುದನ್ನು ನಾನೂ ನೋಡಿದ್ದೆ, ಒಳ್ಳೆಯ ಲೋಹವೆಂದುಕೊಂಡಿದ್ದೆ. ಭಾನುವಾರಗಳಲ್ಲಿ ನನ್ನ ಕೈಯೇ ಗ್ರೀಸಿನಲ್ಲಿ ಮುಳುಗಿರುತ್ತಿದ್ದುದರಿಂದ ಎಣ್ಣೆಯ ಜಿಡ್ಡು ಬೇರೆಯಾಗಿ ತಿಳಿದಿರಲಿಲ್ಲ. ಸುಲಿದ ಗಿಣ್ಣು, ಕಳ್ಳಿಮುಳ್ಳು, ಆ ಮನೆಯ ಚಹಾ ಎಲ್ಲ ಒಟ್ಟಿಗೆ ನೆನಪಾಗಿ, "ನನ್ನ ಜೀವಾ ತಗೀತಿದ್ದೀ ನೀ," ಎಂದುಬಿಟ್ಟೆ.

ಅವ್ವ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಆ ದಿನ ಗುಡ್ಡವನ್ನು ನಡೆದೇ ಹತ್ತಿ ನಡೆದೇ ಇಳಿದೆ. ಸಂಜೆ ಬರುವಷ್ಟರಲ್ಲಿ ಅವಳು ಬೂದಿ, ಸೀಗೆಪುಡಿ ಹಾಕಿ ಎರಡೂ ರಿಮ್ಮನ್ನು ತಿಕ್ಕಿ ಬಿಸಿಲಿಗೆ ಒಣಗಿಸಿದ್ದಳು. ನಾಲ್ಕು ದಿನ ಅಗತ್ಯವಿದ್ದಷ್ಟೇ ಮಾತಾಡಿದಳು. ತಪ್ಪಾಯಿತೆಂದು ನಾನೂ ಹೇಳಲಿಲ್ಲ. ಹೇಳಬಹುದಿತ್ತು.

ಎಣ್ಣೆ ಕುಡಿದ ರಬ್ಬರು ಎಷ್ಟು ತೊಳೆದರೂ ಸರಿಹೋಗಲಿಲ್ಲ. ಮತ್ತೊಂದು ಜೊತೆ ತರಿಸಿ, ಮತ್ತೆ ಕಲ್ಲಿಗೆ ಉಜ್ಜಿ ಕೂಡಿಸಿದೆ. ಈ ಸಲ ಬ್ರೇಕು ಕೈಕೊಡಲಿಲ್ಲ. ಕಿವಿ ಕೊರೆಯುವಂತೆ ಕಿರುಚುತ್ತಿತ್ತು, ಆದರೆ ಹಿಡಿಯುತ್ತಿತ್ತು. ಸೈಕಲ್ ಅಂಗಡಿಯವನಿಗೆ ನನ್ನ ಕೈಯ ತಪ್ಪಲ್ಲವೆಂದು ಹೇಳಿಯೇ ಬರಬೇಕೆಂದು ಹೋದೆ. ಅವನು ಪೂರ್ತಿ ಕೇಳಿ, "ಬ್ರೇಕ್ ಚಲೋ ಐತಿ ಅಂತ ನಾ ಅವತ್ತ ಅಂದಿದ್ನಲ್ರಿ," ಎಂದ.

ಆಮೇಲೂ ಆ ತಿರುವು ಬಂದಾಗ ಇಳಿದು ನಡೆಯುತ್ತಿದ್ದೆ. ಬ್ರೇಕಿನ ಮೇಲೆ ಭರವಸೆ ಬಂದಿತ್ತು, ಕಾಲಿಗೆ ಮಾತ್ರ ಬರಲಿಲ್ಲ. ರಾಮದುರ್ಗಕ್ಕೆ ವರ್ಗವಾದಾಗ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದೆ. ಇಳಿಸುವಾಗ ಹಿಂದಿನ ಬ್ರೇಕಿನ ಸರಳು ಬಾಗಿತು. ಹೊಸ ಮನೆಯಲ್ಲಿ ಸಾಮಾನು ಬಿಚ್ಚುವ ಮೊದಲೇ ಅಂಗಳದಲ್ಲಿ ಕುಳಿತು ಅದನ್ನು ತಟ್ಟಿ ತಟ್ಟಿ ನೆಟ್ಟಗೆ ಮಾಡಲು ನೋಡಿದೆ. ಪೂರ್ತಿ ನೆಟ್ಟಗಾಗಲಿಲ್ಲ. ಹಾಗೆಯೇ ಓಡಿಸಿದೆ.