ಕೆಂಪು ಅಂಚಿನ ಕಾಗದ

ಜಿಪುಣತನಕ್ಕೂ ಒಂದು ವಾಸನೆ ಇದೆ ಎಂದರೆ ಜನ ನಗುತ್ತಾರೆ. ನಗಲಿ. ನನ್ನ ಮೂಗಿಗೆ ಅದು ಗೊತ್ತು: ಉಪ್ಪುನೀರಿನಲ್ಲಿ ಎರಡು ದಿನ ನೆನೆದ ಹತ್ತಿಯ ವಾಸನೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಣಿಪಾಲದಲ್ಲಿ ಇ.ಸಿ.ಜಿ. ತೆಗೆಯಲು ಕಲಿತು, ಕಾರ್ಕಳದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದೆ. ಎದೆಗೆ ತಂತಿ ಅಂಟಿಸುವ ಮೊದಲು ಹಚ್ಚುವ ಜೆಲ್ಲಿ ಅಲ್ಲಿ ಇರಲಿಲ್ಲ. ಅದರ ಬದಲು ಒಂದು ಬಟ್ಟಲು ಉಪ್ಪುನೀರು, ಅದರಲ್ಲಿ ಹತ್ತಿ. ಒಬ್ಬರ ಬೆವರಿದ ಎದೆಗೆ ಒತ್ತಿದ ಹತ್ತಿಯನ್ನು ಹಿಂಡಿ ಅದೇ ಬಟ್ಟಲಿಗೆ ಹಾಕಬೇಕು, ಮುಂದಿನವರಿಗೆ. ಥೂ! ಈಗ ಬರೆಯುವಾಗಲೂ ಎದ್ದು ಹೋಗಿ ಕೈ ತೊಳೆಯೋಣ ಅನಿಸುತ್ತದೆ.

ಇದು ಡಾಕ್ಟರ ಹೆಂಡತಿಯ ಕಾನೂನು. ನಾವೆಲ್ಲ ಅವರನ್ನು ಅಮ್ಮ ಎಂದು ಕರೆಯುತ್ತಿದ್ದೆವು. ಡಾಕ್ಟರಿಗೆ ರೋಗಿಗಳನ್ನು ನೋಡುವುದಷ್ಟೇ ಕೆಲಸ, ಉಳಿದ ಕಾರುಬಾರೆಲ್ಲ ಅಮ್ಮನದು. ಫಿನಾಯಿಲು, ಬ್ಯಾಂಡೇಜು, ಇ.ಸಿ.ಜಿ. ಕಾಗದದ ಸುರುಳಿಗಳು ಎಲ್ಲವೂ ಮೆಟ್ಟಿಲಿನ ಅಡಿಯ ಮರದ ಕಪಾಟಿನಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ. ಡಾಕ್ಟರೂ ಕೇಳಿಯೇ ತೆಗೆಸಿಕೊಳ್ಳಬೇಕಿತ್ತು.

ಆಗಿನ ಯಂತ್ರದಲ್ಲಿ ಬಿಸಿಯಾದ ಒಂದು ಸೂಜಿ ಕಾಗದದ ಮೇಲೆ ಆಡುತ್ತ ಹೃದಯದ ಬಡಿತವನ್ನು ಗೀರುತ್ತಿತ್ತು. ಸುರುಳಿ ಒಳಗೆ ಇರುತ್ತಿದ್ದುದರಿಂದ ಎಷ್ಟು ಉಳಿದಿದೆ ಎಂದು ಹೊರಗಿನಿಂದ ತಿಳಿಯದು. ಅದಕ್ಕೇ ಸುರುಳಿಯ ಕೊನೆಯ ಒಂದಷ್ಟು ಉದ್ದಕ್ಕೆ ಅಂಚಿನಲ್ಲಿ ಕೆಂಪು ಗೆರೆ ಎಳೆದಿರುತ್ತಾರೆ. ಕೆಂಪು ಕಂಡರೆ ಹೊಸ ಸುರುಳಿ ಹಾಕಬೇಕು. ಮಣಿಪಾಲದಲ್ಲಿ ಕಲಿಸಿದ್ದು ಹಾಗೆ. ಕಾರ್ಕಳದ ಅಮ್ಮನಿಗೆ ಕೆಂಪು ಎಂದರೆ ಇನ್ನೂ ಕಾಗದ ಇದೆ ಎಂದರ್ಥ.

“ಅಮ್ಮಾ, ಕೆಂಪು ಬಂತು,” ಎಂದು ಹೋಗಿ ಹೇಳಿದೆ ಒಂದು ಸಂಜೆ.

ಅವರು ಬಂದು ಯಂತ್ರದ ಮುಚ್ಚಳ ತೆಗೆಸಿ, ಸುರುಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಬಂದ ಕೂಡಲೇ ಮುಗಿಯಿತಾ? ಇನ್ನೂ ಉಂಟಲ್ಲ ಮಾರಾಯ್ತಿ. ಗಿಡ್ಡ ಗಿಡ್ಡ ತೆಗೆ.”

ಮರುದಿನ ಬೆಳಿಗ್ಗೆ ಅವರು ಬೀಗದ ಕೈ ಸಮೇತ ಮಲ್ಪೆಗೆ ಹೋದರು. ಅಲ್ಲಿ ಮೀನು ಅಗ್ಗವಂತೆ. ಬಸ್ಸಿನ ಚಾರ್ಜು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಅವರು ಹೋದ ಸ್ವಲ್ಪ ಹೊತ್ತಿಗೆ ಬಜಗೋಳಿ ಕಡೆಯ ಒಬ್ಬ ಬಸ್ ಡ್ರೈವರನ್ನು ಅವರ ಹೆಂಡತಿ ಹೆಚ್ಚುಕಡಿಮೆ ಎಳೆದುಕೊಂಡೇ ಬಂದರು. “ಮೊನ್ನೆ ಅಂಗಳದಲ್ಲಿ ಬಿದ್ದರು, ಇವತ್ತು ಬಚ್ಚಲಲ್ಲಿ. ಎದ್ದ ಮೇಲೆ ಎಂತದೂ ಆಗಲಿಲ್ಲ ಅಂತಾರೆ.”

“ಎಂತದೂ ಇಲ್ಲ ಸಿಸ್ಟರ್, ಬೇಗ ಮುಗಿಸಿ. ಮಧ್ಯಾಹ್ನ ನನ್ನ ಟ್ರಿಪ್ ಉಂಟು,” ಎಂದರು ಆ ಮನುಷ್ಯ. ಟ್ರಿಪ್ ಎಂದರೆ ಘಾಟಿ ರಸ್ತೆ, ತುಂಬಿದ ಬಸ್ಸು.

ಡಾಕ್ಟರು ನಾಡಿ ಹಿಡಿದು ನೋಡಿದರು. ಮನುಷ್ಯ ಜಿಪುಣಿಯ ಗಂಡನೇ ಹೊರತು ದಡ್ಡನಲ್ಲ. “ಬಡಿತ ನಡುವೆ ನಿಲ್ತಾ ಇರಬಹುದು. ಉದ್ದ ತೆಗೆ, ಸಿಕ್ಕಿದರೆ ಸಿಕ್ಕಿತು,” ಎಂದು ನನಗೆ ಹೇಳಿ ಮೇಲಿನ ವಾರ್ಡಿಗೆ ಹೋದರು.

ಉದ್ದ ತೆಗೆಯುವುದು ಎಲ್ಲಿಂದ! ಕೆಂಪು ಅಂಚಿನ ಕಾಗದ ಒಂದಷ್ಟು ಹೊರಬಂದಿತು, ಅದರಲ್ಲಿ ಬಡಿತವೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ಅದರ ಬಾಲ ಜಾರಿ ನನ್ನ ಕೈಗೆ ಬಂತು. ಸೂಜಿ ಬರೀ ಲೋಹದ ಮೇಲೆ ಆಡತೊಡಗಿತು. ಯಂತ್ರ ಆರಿಸಲು ಕೈ ಚಾಚಿದ್ದೆ, ಅಷ್ಟರಲ್ಲಿ ಸೂಜಿ ನಿಂತಿತು. ಡ್ರೈವರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಹೆಂಡತಿ “ಅಯ್ಯೋ ದೇವರೇ” ಎಂದು ಗಂಡನ ಕಾಲು ಹಿಡಿದರು. ನಾನು “ಸರ್!” ಎಂದು ಕೂಗಿದೆ. ಆಮೇಲೆ ಸೂಜಿ ಒಮ್ಮೆ ಹಾರಿತು, ಇನ್ನೊಮ್ಮೆ ಹಾರಿತು, ಮತ್ತೆ ಎಂದಿನಂತೆ ಆಡಿತು.

“ಮುಗಿಯಿತಾ?” ಎಂದು ಕೇಳಿದರು ಡ್ರೈವರು, ಕಣ್ಣು ತೆರೆದು.

ಕೂಗು ಕೇಳಿ ಡಾಕ್ಟರು ಇಳಿದು ಬಂದರು. ನಾನು ಕಂಡದ್ದನ್ನು ಹೇಳಿದೆ. ಅವರು ನಂಬಿದರು, ಅವರ ಮುಖದಲ್ಲೇ ಗೊತ್ತಾಯಿತು. “ಈಗಲೇ ಮಣಿಪಾಲಕ್ಕೆ ಹೋಗಿ. ಇನ್ನು ಬಸ್ಸು ಓಡಿಸಬೇಡಿ,” ಎಂದರು.

ಡ್ರೈವರು ಕಾಗದ ತೋರಿಸಿ ಎಂದರು. ತೋರಿಸಿದೆವು. “ಇದರಲ್ಲಿ ಎಲ್ಲ ಸರಿ ಉಂಟಲ್ವಾ ಡಾಕ್ಟ್ರೇ? ಮತ್ತೆ ಎಂತಕ್ಕೆ ಮಣಿಪಾಲ? ಸಿಸ್ಟರಿಗೆ ಹೆದರಿಕೆ ಆಗಿರಬೇಕು.” ಅಂಗಿಯ ಗುಂಡಿ ಹಾಕಿಕೊಳ್ಳಲು ಶುರುಮಾಡಿದರು.

“ಸರ್, ಹೊಸ ಸುರುಳಿ ಬೇಕು,” ಎಂದೆ.

ಡಾಕ್ಟರು ಕಪಾಟಿನ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು. “ಅವಳು ಬರಲಿ. ಈಗ ಬರ್ತಾಳೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಮನುಷ್ಯನ ಎದೆ ನಿಲ್ಲುತ್ತಿದೆ, ಇವರು ಮೀನು ಬರಲಿ ಎಂದು ಕಾಯುತ್ತಾರಂತೆ! ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಸ್ಪ್ಯಾನರ್ ಗೋಡೆಯ ಬದಿಯಲ್ಲಿತ್ತು. ತೆಗೆದುಕೊಂಡು ಹೋಗಿ ಬೀಗಕ್ಕೆ ಸಿಕ್ಕಿಸಿ ಎಳೆದೆ. ಬೀಗ ಒಡೆಯಲಿಲ್ಲ. ಚಿಲಕವೇ ಮರದ ಸಮೇತ ಕಿತ್ತು ಬಂತು, ನೆನೆದ ರೊಟ್ಟಿ ಮುರಿದ ಹಾಗೆ.

ಒಳಗೆ ಗೆದ್ದಲು. ಹಿಂದಿನ ಹಲಗೆಯಿಂದ ಹಿಡಿದು ಸಾಲು ಸಾಲು ಸುರುಳಿಗಳವರೆಗೆ ಒದ್ದೆ ಮಣ್ಣು, ಅದರಲ್ಲಿ ಬಿಳಿ ಹುಳುಗಳು ಗಿಜಿಗುಡುತ್ತಿದ್ದವು. ಜಿರಲೆಯ ಮೊಟ್ಟೆ, ಇಲಿಯ ಹಿಕ್ಕೆ, ಮುಗ್ಗಲು ನಾತ. ನಮಗೆ ಗಿಡ್ಡ ಗಿಡ್ಡ ತೆಗೆ, ಗಿಡ್ಡ ಗಿಡ್ಡ ತೆಗೆ ಎಂದು ಹೇಳಿ ಹೇಳಿ ಉಳಿಸಿದ ಕಾಗದವನ್ನೆಲ್ಲ ಗೆದ್ದಲು ಉದ್ದುದ್ದ ತಿಂದಿತ್ತು. ಆದರೂ ಕೈ ಹಾಕಿ, ಒಂದು ಸುರುಳಿಯ ಮಣ್ಣನ್ನು ಕೆರೆದು, ತಿಂದ ಪದರಗಳನ್ನು ಹರಿದು ಹರಿದು ಬಿಸಾಡಿದೆ. ಒಳಗೆ ಹೆಬ್ಬೆರಳಷ್ಟು ದಪ್ಪ ಒಳ್ಳೆಯ ಕಾಗದ ಉಳಿದಿತ್ತು. ಅದೂ ಕೊನೆಯ ಭಾಗ, ಕೆಂಪು ಅಂಚಿನದು.

ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಗಂಡನನ್ನು ಬಿಟ್ಟಿರಲಿಲ್ಲ. “ಇದೊಂದು ಸಲ ಮಲಗಿ, ನನ್ನ ಆಣೆ,” ಎಂದು ಅತ್ತರು. ಆತ ಗೊಣಗುತ್ತ ಮಲಗಿದರು. ನಾನು ಯಂತ್ರ ಓಡಿಸುತ್ತಲೇ ಇದ್ದೆ. ಡಾಕ್ಟರೂ ಪಕ್ಕದಲ್ಲೇ ನಿಂತಿದ್ದರು. ಕಾಗದ ನೆಲಕ್ಕೆ ಇಳಿಯಿತು, ನೆಲದಲ್ಲಿ ಮಡಿಕೆ ಬಿತ್ತು, ನಿಲ್ಲಿಸಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಸೂಜಿ ನಿಂತಿತು. ಕೆಂಪು ಅಂಚಿನ ಪಕ್ಕದಲ್ಲಿ ಒಂದು ನೇರ ಗೆರೆ ಎಳೆಯುತ್ತ ಹೋಯಿತು. ಡಾಕ್ಟರು ಮುಷ್ಟಿ ಎತ್ತಿ ಎದೆಗೆ ಗುದ್ದಿದರು. ಬಡಿತ ಬಂತು.

ಎಚ್ಚರವಾದ ಮೇಲೆ ಡ್ರೈವರು ಆ ಗೆರೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, “ಇಷ್ಟುದ್ದ ನಾನು ಇರಲಿಲ್ವಾ?” ಎಂದರು. ಮತ್ತೆ ಟ್ರಿಪ್ಪಿನ ಮಾತೆತ್ತಲಿಲ್ಲ. ಡಾಕ್ಟರೇ ತಮ್ಮ ಕಾರಿನಲ್ಲಿ ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ಎದೆಯ ಚರ್ಮದ ಅಡಿಯಲ್ಲಿ, ಬಡಿತ ನಿಲ್ಲದಂತೆ ಕಾಯುವ ಬ್ಯಾಟರಿ ಇಟ್ಟರು. ಆಮೇಲೆ ಅವರು ಸ್ಟಿಯರಿಂಗ್ ಬಿಟ್ಟು ಕಾಪುವಿನಲ್ಲಿ ಸಣ್ಣ ಅಂಗಡಿ ಹಾಕಿದರು, ತುಂಬ ವರ್ಷ ಬದುಕಿದರು.

ಆ ಮಧ್ಯಾಹ್ನ ಅಮ್ಮ ಬಂಗುಡೆಯ ಚೀಲ ಹಿಡಿದು ಒಳಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡದ್ದು ಕಪಾಟಿನವರೆಗೆ ಮಾತ್ರ. “ಬೀಗಕ್ಕೆ ಎಂತದೂ ಆಗಲಿಲ್ಲ ಅಲ್ವಾ?” ಎಂದು ಕೇಳಿದರು. ಆಮೇಲೆ ನೆಲದಲ್ಲಿ ಕುಳಿತು ಒಂದೊಂದೇ ಸುರುಳಿಯನ್ನು ಕುಟ್ಟಿ, ಹುಳು ಉದುರಿಸಿ, ಸೆರಗಿನಿಂದ ಒರಸಿ, ಅಕ್ಕಿ ತುಂಬುವ ಮರದ ಪೆಟ್ಟಿಗೆಯೊಂದಕ್ಕೆ ಜೋಡಿಸಿ ಅದೇ ಬೀಗ ಹಾಕಿದರು.

“ಅಮ್ಮಾ, ಒಂದನ್ನಾದರೂ ಹೊರಗೆ ಇಡಿ,” ಎಂದೆ. “ಯಂತ್ರದಲ್ಲಿ ಕಾಗದವೇ ಇಲ್ಲ.”

ಅವರು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೆದ್ದಲು ಉದುರಿಸಿದ ಅದೇ ಕೈಯಲ್ಲಿ ಮೀನಿನ ಚೀಲ ಎತ್ತಿಕೊಂಡರು.

“ನಾಳೆ ಒಂದು ಕೊಡ್ತೇನೆ. ಕೆಂಪು ಬಂದಾಗ ಹೇಳು, ನೋಡುವ.”