ಕಾಡಪ್ಪನವರ ನೀಲಿ ಕಾರು
ಪುಣೆ ಬಳಿಯ ಚಿಂಚವಾಡದ ನಮ್ಮ ನೆರೆಯವರಾದ ಕಾಡಪ್ಪನವರು ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗಿನಿಂದ ನೆಮ್ಮದಿಯಾಗಿ ಉಸಿರು ಬಿಟ್ಟಿಲ್ಲ. ಅವರು ಚಾವಿ ತಿರುವಿ ಡ್ಯಾಶ್‌ಬೋರ್ಡಿನ ದೀಪಗಳನ್ನು ದಿಟ್ಟಿಸುವಾಗ ಹೆಂಡತಿ ಶೈಲಾ ಕೆಮ್ಮುವಂತಿಲ್ಲ. ಗಾಡಿ ಕೊಂಚ ಗುರ್ ಅಂದರೂ ರೇಡಿಯೋ ಬಂದ್, ಮಾತು ಬಂದ್. ಮೆಕ್ಯಾನಿಕ್ "ಕಾಹೀ ನಾಹೀ, ಕಾಕಾ", ಏನೂ ಆಗಿಲ್ಲ ಎಂದು ಬಾನೆಟ್ ಮುಚ್ಚಿದರೆ ಇವರು ಮತ್ತೆ ತೆರೆಯುತ್ತಾರೆ. ದಾರಿಯಲ್ಲಿ ನೀಲಿ ಕಾರು ಕಂಡರಂತೂ ಅದರ ನಂಬರು ಓದದೆ ಬಿಡುವುದಿಲ್ಲ. ಯಾಕೆಂದು ನನಗೆ ಗೊತ್ತಿರಲಿಲ್ಲ. ಮೊನ್ನೆ ಅವರ ಕಾರಿನಲ್ಲಿ ಹೋಗುವಾಗ ಲೋಣಾವಳಾ ಘಾಟಿನಲ್ಲಿ ನಾನೇ ರೇಗಿದೆ: "ಒಂದೂ ದೀಪ ಹತ್ತಿಲ್ಲಲ್ರೀ, ಆರಾಮ ನಡಸ್ರಿ." "ಬ್ರೇಕ್ ಕೆಟ್ಟದ್ದು ತೋರ್ಸೋ ದೀಪದ ವೈರ್ ಕತ್ತರಿಸಿ ಮಾರಿದ್ರ ಹೆಂಗ ಹತ್ತತದರಿ?" ಅಂದರು. "ಹಂಗ ಯಾರ್ ಮಾಡ್ತಾರ್ರಿ?" ಎಂದೆ. ಕಾಡಪ್ಪನವರು ಮುಂದಿದ್ದ ನೀಲಿ ಕಾರಿನ ನಂಬರು ಓದುತ್ತಲೇ ಹೇಳಿದರು: "ನನ್ನ ಹಳೇ ಗಾಡಿ ನಾ ಹಂಗ ಮಾಡೇ ಮಾರೀನ್ರಿ."